ಮೂರು ನಿಮಿಷಕ್ಕೆ ನೂರು ಸುತ್ತು

ಹಳೆಯ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ಮಾರುವವರು ಹೇಳುವ ಒಂದು ಮಾತು ಬಹಳ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. "ತಿರುಗುತ್ತೆ ಸರ್." ಜಾಹೀರಾತಿನಲ್ಲೂ ಇದೇ ಇರುತ್ತದೆ. ಫೋನ್ ಮಾಡಿದರೂ ಇದೇ ಉತ್ತರ. ಕಳೆದ ತಿಂಗಳು ಗೆಳೆಯನೊಬ್ಬ ಒಂದು ವಿಡಿಯೋ ಕಳಿಸಿ "ತಗೋಬಹುದಾ?" ಅಂತ ಕೇಳಿದ. ವಿಡಿಯೋದಲ್ಲಿ ಹದಿನೈದು ಸೆಕೆಂಡು ಖಾಲಿ ತಟ್ಟೆ ತಿರುಗುತ್ತಿತ್ತು, ಅಷ್ಟೇ. ಮಾರುವವರು ಸುಳ್ಳು ಹೇಳಿರಲಿಲ್ಲ. ತಟ್ಟೆ ನಿಜಕ್ಕೂ ತಿರುಗುತ್ತಿತ್ತು. ಆದರೆ ಎಷ್ಟು ಜೋರಾಗಿ? ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳು ಇದೆಯೋ ಇಲ್ಲವೋ? ಮುಳ್ಳು ಹೊತ್ತ ತೋಳು ಸಲೀಸಾಗಿ ಒಳಗೆ ಸರಿಯುತ್ತದೆಯೋ, ಎಲ್ಲೋ ಹಿಡಿಯುತ್ತದೆಯೋ? ಎರಡೂ ಕಡೆ ಶಬ್ದ ಬರುತ್ತದೆಯೋ? ಇದನ್ನೆಲ್ಲ ಕೇಳು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೆಲ್ಲ ಕೇಳಿದ್ರೆ ಅವರಿಗೆ ಬೇಜಾರಾಗಲ್ವಾ?" ಅಂದ. ಆ ಪ್ರಶ್ನೆ ಕೇಳಿ ನನಗೆ ನನ್ನ ಮೊದಲ ಟರ್ನ್‌ಟೇಬಲ್ ನೆನಪಾಯಿತು. ಅದನ್ನು ಸರಿಯಾಗಿ ನೋಡದೆ ಕೊಂಡಿದ್ದಕ್ಕೆ ನನಗೆ ಗೊತ್ತಿಲ್ಲದಿದ್ದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಂಕೋಚ.

ಬೆಂಗಳೂರಿನ ಆ ಮನೆ

ಮಾರುತ್ತಿದ್ದವರು ಅಮೆರಿಕದಲ್ಲಿ ಬಹಳ ವರ್ಷ ಇದ್ದು ಊರಿಗೆ ಮರಳಿದ್ದ ದಂಪತಿ. ತುಂಬಾ ಒಳ್ಳೆಯ ಜನ. ನಾನು ಹೋದಾಗ ಟರ್ನ್‌ಟೇಬಲ್ಲನ್ನು ಒರೆಸಿ, ಹಾಲ್‌ನಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಎಪ್ಪತ್ತರ ದಶಕದ್ದು. ಮರದ ಪೀಠ, ಭಾರವಾದ ಅಲ್ಯೂಮಿನಿಯಂ ತಟ್ಟೆ, ಬೆಲ್ಟಿನಿಂದ ತಿರುಗುವಂಥದ್ದು. ಪಕ್ಕದಲ್ಲಿ ಇಟ್ಟಿಗೆಯಷ್ಟು ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್. "ಅಲ್ಲಿ 110 ವೋಲ್ಟ್ ಅಲ್ವಾ, ಅದಕ್ಕೇ ಇದು. ಇದನ್ನೂ ಜೊತೆಗೇ ಕೊಡ್ತೀವಿ" ಅಂದರು. ಕಾಫಿ ಬಂತು. ಕೋಡುಬಳೆ ಬಂತು. ಅವರು ಮದುವೆಯಾದ ಹೊಸದರಲ್ಲಿ ಆ ಮೆಷಿನ್ ಕೊಂಡ ಕತೆ ಹೇಳಿದರು. ಕೋಡುಬಳೆ ತಿನ್ನುತ್ತಾ ಅವರ ಕತೆ ಕೇಳಿದ ಮೇಲೆ, ಎದ್ದು ಹೋಗಿ ಆ ತಟ್ಟೆ ಕಿತ್ತು ಕೆಳಗೇನಿದೆ ಅಂತ ಟಾರ್ಚ್ ಬಿಟ್ಟು ನೋಡಲು ನನಗೆ ಮನಸ್ಸು ಬರಲಿಲ್ಲ. ನೋಡಿದರೆ ಅವರನ್ನು ನಂಬಲಿಲ್ಲ ಅಂದಂತೆ ಆಗುತ್ತದೆ ಅನ್ನಿಸಿತು.

ನಾನು ಒಂದೇ ಒಂದು ರೆಕಾರ್ಡು ತೆಗೆದುಕೊಂಡು ಹೋಗಿದ್ದೆ. ಗಂಗೂಬಾಯಿ ಹಾನಗಲ್ ಅವರ ಎಲ್‌ಪಿ. ಧಾರವಾಡದ ಮನೆಯಲ್ಲಿ ಬೆಳೆದವನು ನಾನು. ಬೇರೆ ಯಾವ ರೆಕಾರ್ಡಿನಿಂದ ಶುರು ಮಾಡುವುದು? ಮುಳ್ಳು ಇಳಿಸಿದೆವು. ಮೊದಲು ತಂಬೂರಿ, ಆಮೇಲೆ ಆ ದನಿ. ಗಂಭೀರವಾದ, ಕೆಳಗಿನ, ಬಂಡೆಯಂಥ ದನಿ. ವಿಲಂಬಿತ ಖ್ಯಾಲ್. ಒಂದೊಂದು ಸ್ವರವನ್ನೂ ಬಿಡಿಸಿ ಬಿಡಿಸಿ ಇಡುವ ಕಿರಾನಾ ಘರಾಣೆಯ ನಡಿಗೆ. ನನಗೆ ಕಣ್ಣು ತುಂಬಿ ಬಂತು. ಐದು ನಿಮಿಷ ಕೇಳಿ, ನನ್ನ ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಎಣಿಸಿ ಕೊಟ್ಟೆ. ಟ್ರಾನ್ಸ್‌ಫಾರ್ಮರ್ ಸಮೇತ ಎತ್ತಿಕೊಂಡು ಬಂದೆ.

ದಸರೆ ರಜೆಗೆ ಅದನ್ನು ಧಾರವಾಡಕ್ಕೆ ಒಯ್ದೆ. ಅವ್ವನಿಗೆ ಕೇಳಿಸಬೇಕಿತ್ತು. ಅವ್ವ ಸಣ್ಣವಳಿದ್ದಾಗ ಹಾರ್ಮೋನಿಯಂ ಕಲಿತವಳು. ಮದುವೆಯಾದ ಮೇಲೆ ಪಾಠ ನಿಂತಿತು, ಕಿವಿ ನಿಲ್ಲಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಬಂದದ್ದನ್ನೆಲ್ಲ ಅಡುಗೆ ಮಾಡುತ್ತಾ ಕೇಳಿ ಬೆಳೆಸಿದ ಕಿವಿ ಅದು. ರೆಕಾರ್ಡು ಹಾಕಿದೆ. ಅವ್ವ ಸೊಪ್ಪು ಸೋಸುತ್ತಾ ಕೂತಿದ್ದಳು. ಒಂದು ನಿಮಿಷ ಆಗಿರಬಹುದು. ಕೈ ನಿಲ್ಲಿಸಿ ಕೇಳಿದಳು: "ಯಾಕೋ, ಬಾಯಿಯವರಿಗೆ ಆರಾಮಿದ್ದಿಲ್ಲೇನು ಅವತ್ತು? ದನಿ ಇಷ್ಟ್ಯಾಕ ಭಾರ ಆಗೇದ?"

ಅವರ ದನಿಯೇ ಹಾಗಲ್ವಾ ಅವ್ವಾ, ಅಂದೆ. ಅವಳು ತಲೆ ಅಲ್ಲಾಡಿಸಿದಳು. "ದನಿ ಬಿಡು. ತಂಬೂರಿ ಕೇಳು. ತಂಬೂರಿಗೂ ಆರಾಮಿದ್ದಿಲ್ಲೇನು?"

ಆ ಮಾತು ಕೇಳಿ ನನಗೆ ಮೈ ತಣ್ಣಗಾಯಿತು. ಅದೇ ಗಾಯನದ ಕ್ಯಾಸೆಟ್ ಮನೆಯಲ್ಲಿತ್ತು. ಹಾಕಿದೆವು. ಅವ್ವ ಹಾರ್ಮೋನಿಯಂ ತೆಗೆದು ಎರಡರದೂ ಷಡ್ಜ ಹುಡುಕಿದಳು. ಕ್ಯಾಸೆಟ್ಟಿಗಿಂತ ರೆಕಾರ್ಡು ಹಾರ್ಮೋನಿಯಂನ ಮೂರು ಪಟ್ಟಿ (ಕರಿ, ಬಿಳಿ ಎರಡೂ ಸೇರಿಸಿ ಎಣಿಸಿದರೆ) ಕೆಳಗಿತ್ತು. ಸರಿಯಾಗಿ ಮೂರೂ ಅಲ್ಲ, ಇನ್ನೂ ಒಂದು ಕೂದಲೆಳೆ ಕೆಳಗೆ. ಐದು ನಿಮಿಷ ಕೂತು, ಕಣ್ಣು ತುಂಬಿಕೊಂಡು ನಾನು ಕೇಳಿದ್ದು ಅವರ ದನಿಯೇ ಅಲ್ಲ. ನಿಧಾನವಾಗಿ ತಿರುಗಿದ ತಟ್ಟೆ ಕೆಳಗಿಳಿಸಿದ ದನಿ ಅದು. ಬೇರೆ ಯಾವುದೇ ಗಾಯಕಿಯ ರೆಕಾರ್ಡು ಒಯ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಗಂಡುದನಿಯ ಹಾಗೆ ಕೇಳಿಸಿ ಬೆಚ್ಚಿಬೀಳುತ್ತಿದ್ದೆ. ಗಂಗೂಬಾಯಿಯವರ ದನಿ ಮೊದಲೇ ಅಷ್ಟು ಗಂಭೀರ. ವಿಲಂಬಿತ ಮೊದಲೇ ನಿಧಾನ. ಕೆಟ್ಟ ಮೆಷಿನ್ನಿನ ತಪ್ಪನ್ನು ಅಷ್ಟು ಚೆನ್ನಾಗಿ ಮುಚ್ಚಬಲ್ಲ ಬೇರೆ ರೆಕಾರ್ಡು ನನ್ನ ಹತ್ತಿರ ಇರಲಿಲ್ಲ.

ಟ್ರಾನ್ಸ್‌ಫಾರ್ಮರ್ ಮಾಡಲಾಗದ ಕೆಲಸ

ಮರುದಿನ ಲೈನ್ ಬಜಾರಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಕಾಕಾ ಹತ್ತಿರ ಹೋದೆ. ವಯಸ್ಸು ಎಪ್ಪತ್ತು ದಾಟಿದೆ. ಊರಿನ ಅರ್ಧ ರೇಡಿಯೋಗಳ ಹೊಟ್ಟೆ ನೋಡಿದವರು. ಅವರು ಆನ್ ಮಾಡುವ ಮೊದಲೇ ಮೆಷಿನ್ನನ್ನು ಹಿಂದೆ ಮುಂದೆ ತಿರುಗಿಸಿ, ಹಿಂಭಾಗದ ಸಣ್ಣ ಲೋಹದ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು. "120 ವೋಲ್ಟ್, 60 ಹರ್ಟ್ಸ್. ಇದನ್ನ ಓದಿದ್ದಿಲ್ಲೇನ್ ತಮ್ಮಾ?" ಓದಿರಲಿಲ್ಲ. ಓದಿದ್ದರೂ ವೋಲ್ಟ್ ಮಾತ್ರ ನೋಡುತ್ತಿದ್ದೆ.

ಕಾಕಾ ಹೇಳಿದ್ದು ಇಷ್ಟು. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆ. ಕರೆಂಟಿನ ಮಿಡಿತವನ್ನು ಬದಲಾಯಿಸುವುದಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಅಮೆರಿಕದ್ದು 60 ಸಲ. ಆ ಕಾಲದ ಬೆಲ್ಟಿನ ಟರ್ನ್‌ಟೇಬಲ್ಲುಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು ಸಿಂಕ್ರೊನಸ್ ಮೋಟಾರ್. ಅದು ಕರೆಂಟಿನ ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. 60ಕ್ಕೆ ಹೆಜ್ಜೆ ಹಾಕಬೇಕಾದದ್ದು 50ಕ್ಕೆ ಹಾಕಿದರೆ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗಬೇಕಾದ ತಟ್ಟೆ ಇಪ್ಪತ್ತೆಂಟನ್ನೂ ಮುಟ್ಟುವುದಿಲ್ಲ. ಆರರಲ್ಲಿ ಒಂದು ಪಾಲು ಕಡಿಮೆ. ಹಾರ್ಮೋನಿಯಂನಲ್ಲಿ ಅದೇ ಮೂರು ಪಟ್ಟಿ ಮತ್ತು ಒಂದು ಕೂದಲೆಳೆ. ಅವ್ವನ ಕಿವಿಯ ಲೆಕ್ಕವೂ ಕಾಕಾನ ಲೆಕ್ಕವೂ ಒಂದೇ ಆಯಿತು.

ಆಮೇಲೆ ಕಾಕಾ ನನಗೆ ಹೇಳಿಕೊಟ್ಟದ್ದನ್ನು ಇವತ್ತಿಗೂ ಪ್ರತಿಯೊಂದು ಮೆಷಿನ್ ಮುಂದೆ ಮಾಡುತ್ತೇನೆ. ರೆಕಾರ್ಡಿನ ಅಂಚಿನಡಿ ಒಂದು ಸಣ್ಣ ಕಾಗದದ ಚೂರು ಸಿಕ್ಕಿಸಿ, ಅದು ಹೊರಗೆ ಕಾಣುವ ಹಾಗೆ. ಗಡಿಯಾರ ಹಿಡಿಯಿರಿ. ಕಾಗದ ನಿಮ್ಮ ಮುಂದೆ ಹಾದುಹೋದಾಗಲೆಲ್ಲ ಎಣಿಸಿ. ಎಲ್‌ಪಿ ನಿಮಿಷಕ್ಕೆ 33 ಪೂರ್ಣಾಂಕ ಮೂರನೇ ಒಂದು ಸುತ್ತು. ಆ ಮೂರನೇ ಒಂದನ್ನು ಕಣ್ಣಲ್ಲಿ ಅಳೆಯುವುದು ಕಷ್ಟ. ಆದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ಎಂಥ ಚೆಂದದ ಲೆಕ್ಕ! ನನ್ನ ಮೆಷಿನ್ನನ್ನು ಎಣಿಸಿದೆವು. ಮೂರು ನಿಮಿಷಕ್ಕೆ ಎಂಬತ್ತಮೂರು. ಬೆಂಗಳೂರಿನ ಆ ಹಾಲ್‌ನಲ್ಲಿ ಮೂರು ನಿಮಿಷ ಎಣಿಸುವಷ್ಟು ಧೈರ್ಯ ಮಾಡಿದ್ದರೆ ಸಾಕಿತ್ತು. ಈಗ ಇದಕ್ಕೆ ಫೋನಿನಲ್ಲಿ ಆ್ಯಪ್‌ಗಳಿವೆ. ತಟ್ಟೆಯ ಮೇಲೆ ಫೋನ್ ಇಟ್ಟರೆ ವೇಗ ತೋರಿಸುತ್ತದೆ. ಸುತ್ತಲೂ ಗೆರೆಗಳಿರುವ ಸ್ಟ್ರೋಬ್ ತಟ್ಟೆಯೂ ಉಂಟು. ನಮ್ಮ 50 ಹರ್ಟ್ಸ್ ಬೆಳಕಿನಡಿ 180 ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿ. ಆದರೆ ಈಗಿನ ಎಷ್ಟೋ ಎಲ್ಇಡಿ ಬಲ್ಬುಗಳ ಬೆಳಕು ಹಾಗೆ ಮಿಡಿಯುವುದಿಲ್ಲ, ಗೆರೆ ನಿಲ್ಲುವುದೂ ಇಲ್ಲ. ಕಾಗದದ ಚೂರು ಎಲ್ಲ ಮನೆಯಲ್ಲೂ ಇರುತ್ತದೆ.

ಎಲ್ಲ ಅಮೆರಿಕನ್ ಮೆಷಿನ್ನಿಗೂ ಈ ತೊಂದರೆ ಇಲ್ಲ, ಅದನ್ನೂ ಹೇಳಬೇಕು. ಡಿಸಿ ಮೋಟಾರ್ ಇದ್ದರೆ ಅಥವಾ ಟೆಕ್ನಿಕ್ಸ್ ಎಸ್‌ಎಲ್-1200 ಥರ ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವಂಥದ್ದಾದರೆ, ವೇಗವನ್ನು ಒಳಗಿನ ಸರ್ಕ್ಯೂಟೇ ಹಿಡಿದಿಡುತ್ತದೆ. ಅದಕ್ಕೆ ಸರಿಯಾದ ವೋಲ್ಟ್ ಕೊಟ್ಟರೆ ಸಾಕು. ಯುರೋಪಿನ ಕೆಲವು ಹಳೆಯ ಮೆಷಿನ್ನುಗಳಿಗೆ 50ಕ್ಕೊಂದು, 60ಕ್ಕೊಂದು ಪುಲ್ಲಿ (ಮೋಟಾರಿನ ಮೇಲೆ ಕೂತು ಬೆಲ್ಟನ್ನು ಓಡಿಸುವ ಪುಟ್ಟ ಗಾಲಿ) ಸಿಗುತ್ತಿತ್ತು. ಜಪಾನಿನಲ್ಲಂತೂ ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಹರ್ಟ್ಸ್. ಅಲ್ಲಿಂದ ಬಂದದ್ದಕ್ಕೆ 100 ವೋಲ್ಟಿನ ಲೆಕ್ಕ ಬೇರೆ. ಹಾಗಾಗಿ ಹಿಂದಿನ ಪಟ್ಟಿ ಓದುವುದು ಮೊದಲ ಕೆಲಸ.

ನನ್ನದಕ್ಕೆ ಪುಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯದು ಮಾಡಿಸಿದೆವು. ಹಳೆಯದರ ಅಳತೆ ತೆಗೆದು, ಅದಕ್ಕಿಂತ ಐದರಲ್ಲಿ ಒಂದು ಪಾಲು ದೊಡ್ಡದು. ತಂದು ಹಾಕಿ ಎಣಿಸಿದರೆ ತೊಂಬತ್ತೊಂಬತ್ತು. ಒಂದು ಸುತ್ತು ಕಡಿಮೆ. ಲೇತ್ ಅಂಗಡಿಯ ಹುಡುಗನೇ ಯೋಚನೆ ಮಾಡಿ ಹೇಳಿದ: "ಬೆಲ್ಟಿನ ದಪ್ಪಾನೂ ಹಿಡೀಬೇಕಿತ್ರಿ ಸರ." ನಿಜ. ಬೆಲ್ಟು ಪುಲ್ಲಿಯ ಮೇಲೆ ಕೂತಾಗ ಅದರ ದಪ್ಪವೂ ಪುಲ್ಲಿಯ ಅಳತೆಗೆ ಸೇರುತ್ತದೆ. ಬರೀ ಪುಲ್ಲಿಯನ್ನು ಹಿಗ್ಗಿಸಿದರೆ ಲೆಕ್ಕ ಸ್ವಲ್ಪ ಕಡಿಮೆ ಬೀಳುತ್ತದೆ. ಎರಡನೇ ಪುಲ್ಲಿಗೆ ನೂರು ಬಂತು. ಅವ್ವ ಹಾರ್ಮೋನಿಯಂ ಇಟ್ಟುಕೊಂಡು ಒಂದು ಪಟ್ಟಿ ಒತ್ತಿ, ತಂಬೂರಿಗೆ ಹೊಂದಿಸಿ ನೋಡಿ, ಏನೂ ಹೇಳದೆ ಕೇಳುತ್ತಾ ಕೂತಳು.

ಎತ್ತರದ ದನಿ

ಇದಕ್ಕೆ ತದ್ವಿರುದ್ಧವಾದ ತಪ್ಪೂ ಆಗಬಹುದು. ಅದೂ ಗಂಗೂಬಾಯಿಯವರಿಂದಲೇ. 1930ರ ದಶಕದ ಆರಂಭದಲ್ಲಿ ಅವರು ಎಚ್‌ಎಂವಿ ಕಂಪನಿಗೆ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡುಗಳನ್ನು ಕೊಟ್ಟಾಗ ಇನ್ನೂ ಇಪ್ಪತ್ತರ ಆಸುಪಾಸು. ಆ ರೆಕಾರ್ಡುಗಳಲ್ಲಿ 'ಗಾಂಧಾರಿ' ಅಂತ ಹೆಸರು. ಅದರಲ್ಲಿ ಇರುವುದು ತೆಳುವಾದ, ಎತ್ತರದ, ಎಳೆಯ ಹೆಣ್ಣುದನಿ. ಗಂಟಲಿನ ತೊಂದರೆ ಬಂದು ಚಿಕಿತ್ಸೆಯಾದ ಮೇಲೆಯೇ ದನಿ ಕೆಳಗಿಳಿದು, ನಾವೆಲ್ಲ ಬಲ್ಲ ಆ ಗಂಭೀರ ದನಿಯಾಯಿತು. ಇದು ಗೊತ್ತಿಲ್ಲದವರು ಆ ಹಳೆಯ ಪ್ಲೇಟನ್ನು ಸರಿಯಾದ ಮೆಷಿನ್ ಮೇಲೆ ಹಾಕಿದರೆ, ಮೆಷಿನ್ ಜೋರಾಗಿ ಓಡುತ್ತಿದೆ ಅಂತ ಬೈದು ಬಿಟ್ಟು ಬರಬಹುದು. ಅದೂ ಅಲ್ಲದೆ ತೀರಾ ಹಳೆಯ ಪ್ಲೇಟುಗಳನ್ನು ಎಲ್ಲ ಕಂಪನಿಗಳೂ ನಿಖರವಾಗಿ 78ಕ್ಕೇ ಕೆತ್ತಿರಲಿಲ್ಲ. ಅದಕ್ಕೇ ನಾನು ಮನುಷ್ಯರ ದನಿಯಿಂದ ಮೆಷಿನ್ ಅಳೆಯುವುದನ್ನು ಬಿಟ್ಟೆ. ದನಿಗೆ ವಯಸ್ಸಾಗುತ್ತದೆ, ನೆಗಡಿಯಾಗುತ್ತದೆ. ಕಾಗದದ ಚೂರಿಗೆ ಅದೇನೂ ಇಲ್ಲ.

ಹಾಡಿಲ್ಲದ ಜಾಗ

ವೇಗ ಸರಿ ಇದೆ ಅಂತಾದ ಮೇಲೆ ಕೇಳುವ ಕೆಲಸ. ಇಲ್ಲಿಯೂ ನಾನು ಮೊದಲು ತಪ್ಪು ಜಾಗದಲ್ಲಿ ಕೇಳುತ್ತಿದ್ದೆ. ಹಾಡು ಜೋರಾಗಿ ಬರುವಾಗ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಖಾಲಿ ಗೆರೆಯಲ್ಲಿ ಕಿವಿ ಇಡಬೇಕು. ದೂರದಲ್ಲಿ ಲಾರಿ ನಿಂತ ಹಾಗೆ ಗುರ್ ಅನ್ನುವ ಶಬ್ದ ಅಲ್ಲಿ ಕೇಳಿಸಿದರೆ ಬೇರಿಂಗ್ ಒಣಗಿದೆ, ಇಲ್ಲವೇ ಮೋಟಾರಿನ ಅದುರು ತಟ್ಟೆಗೆ ದಾಟುತ್ತಿದೆ. ಬೆಲ್ಟಿನ ಬದಲು ರಬ್ಬರ್ ಗಾಲಿಯಿಂದ ತಟ್ಟೆ ತಿರುಗುವ ಮೆಷಿನ್ನಿನಲ್ಲಿ ತಟ್ ತಟ್ ಅಂತ ಒಂದೇ ಅಂತರದಲ್ಲಿ ಬಂದರೆ ಆ ಗಾಲಿ ಚಪ್ಪಟೆಯಾಗಿದೆ. ಗುಂಯ್ ಅಂತ ಬಿಡದೆ ಬಂದು, ತೋಳನ್ನು ಮುಟ್ಟಿದಾಗ ಹೆಚ್ಚೋ ಕಡಿಮೆಯೋ ಆದರೆ ಅರ್ತ್ ವೈರ್ ಬಿಟ್ಟಿರಬೇಕು. ಅದು ಸಣ್ಣ ಕೆಲಸ, ಅದಕ್ಕೆ ಹೆದರಬೇಕಿಲ್ಲ. ತಂಬೂರಿ ಒಂಟಿಯಾಗಿ ಬರುವ ಮೊದಲ ಕೆಲವು ಸೆಕೆಂಡುಗಳು ಇನ್ನೂ ಒಳ್ಳೆಯವು. ತಂಬೂರಿಯ ನಾದ ನೇರವಾಗಿ ನಿಲ್ಲಬೇಕು. ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ಆದರೆ ತಟ್ಟೆಯ ವೇಗ ಒಂದೇ ಸಮ ಇಲ್ಲ. ಆದರೆ ತಕ್ಷಣ ತೀರ್ಪು ಕೊಡಬೇಡಿ. ರೆಕಾರ್ಡಿನ ತೂತೇ ನಡುಮಧ್ಯ ಇಲ್ಲದಿದ್ದರೂ ಹೀಗೇ ಆಗುತ್ತದೆ. ಇನ್ನೊಂದು ರೆಕಾರ್ಡು ಹಾಕಿ ನೋಡಿ. ನಮ್ಮಲ್ಲಿ ಅಚ್ಚಾದ ಎಷ್ಟೋ ಪ್ಲೇಟುಗಳ ತೂತು ಸ್ವಲ್ಪ ಅತ್ತಿತ್ತ ಇರುವುದನ್ನು ನಾನೇ ನೋಡಿದ್ದೇನೆ.

ಮಾರುವವರು ಯಾವಾಗಲೂ ಮೊದಲ ಹಾಡನ್ನೇ ಕೇಳಿಸುತ್ತಾರೆ. ಕೊನೆಯ ಹಾಡು ಕೇಳಿಸಿ ಅನ್ನಿ. ರೆಕಾರ್ಡಿನ ಒಳಗಿನ ಸುತ್ತು ಚಿಕ್ಕದು. ಅದೇ ಒಂದು ಸೆಕೆಂಡಿನ ಹಾಡನ್ನು ಅಲ್ಲಿ ಕಡಿಮೆ ಉದ್ದದಲ್ಲಿ ಇಕ್ಕಟ್ಟಾಗಿ ಕೆತ್ತಿರುತ್ತಾರೆ. ಮುಳ್ಳು ಸವೆದಿದ್ದರೆ ಮೊದಲ ಹಾಡಿನಲ್ಲಿ ಹೇಗೋ ನಡೆದುಹೋಗುತ್ತದೆ, ಕೊನೆಯದರಲ್ಲಿ 'ಸ' 'ಶ' ಎಲ್ಲ ಹರಿದ ಬಟ್ಟೆಯ ಹಾಗೆ ಚರ್ ಅನ್ನುತ್ತವೆ. ತೋಳು ತಾನೇ ಎದ್ದು ಮರಳುವ ಮೆಷಿನ್ ಆದರೆ ಅದೂ ಕೊನೆಯಲ್ಲೇ ಗೊತ್ತಾಗುವುದು. ಬಹಳ ವರ್ಷ ಸುಮ್ಮನೆ ಕೂತ ಮೆಷಿನ್ನಿನ ಗ್ರೀಸು ಗಟ್ಟಿಯಾಗಿ, ಆ ಸಣ್ಣ ಸಣ್ಣ ಸನ್ನೆಗಳು ಅಂಟಿಕೊಂಡಿರುತ್ತವೆ. ಅಂಟಿದ್ದನ್ನು ಬಲ ಹಾಕಿ ಎಳೆಯಬಾರದು. ಮುರಿದರೆ ಆ ತುಂಡು ಮತ್ತೆ ಸಿಗುವುದಿಲ್ಲ.

ಮುಳ್ಳಿನ ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳುತ್ತೇನೆ. ಅಪರಿಚಿತ ಮೆಷಿನ್ ಮೇಲೆ ನಿಮ್ಮ ಪ್ರೀತಿಯ ರೆಕಾರ್ಡನ್ನು ಮೊದಲು ಇಡಬೇಡಿ. ವಜ್ರದ ಮುಳ್ಳು ಸುಮಾರು 500ರಿಂದ 1000 ಗಂಟೆ ಬಾಳುತ್ತದೆ ಅನ್ನುತ್ತಾರೆ. ಸಫೈರ್ ಆದರೆ ಅದಕ್ಕಿಂತ ಬಹಳ ಬೇಗ ಸವೆಯುತ್ತದೆ. ಅದು ಎಷ್ಟು ಗಂಟೆ ಓಡಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಸವೆದ ಮುಳ್ಳು ಉಳಿಯ ಹಾಗೆ. ಒಂದೇ ಸಲಕ್ಕೆ ಗೆರೆಯ ಗೋಡೆಯನ್ನು ಕೆರೆದುಹಾಕಬಹುದು. 78ರ ಪ್ಲೇಟಿನ ಗೆರೆ ಅಗಲ, ಎಲ್‌ಪಿಯದು ಅದಕ್ಕಿಂತ ಬಹಳ ಸಣ್ಣ. ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕು. ಅದಕ್ಕೇ ಈಗ ನನ್ನ ಚೀಲದಲ್ಲಿ ಹಾಳಾದರೂ ಪರವಾಗಿಲ್ಲ ಅನ್ನುವ ಒಂದು ರೆಕಾರ್ಡು, ನನಗೆ ಅಕ್ಷರ ಅಕ್ಷರ ಗೊತ್ತಿರುವ ಒಂದು ರೆಕಾರ್ಡು ಇರುತ್ತವೆ. ಜೊತೆಗೆ ಟಾರ್ಚ್, ಭೂತಗನ್ನಡಿ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಫೋನೋ ಪ್ರೀಆಂಪ್, ಇಯರ್‌ಫೋನ್. ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಆ ಪ್ರೀಆಂಪ್ ಯಾಕೆ ಅಂದರೆ, ಮುಳ್ಳಿನ ಅದುರನ್ನು ಸಿಗ್ನಲ್ ಆಗಿ ಬದಲಿಸುವ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೇರವಾಗಿ ಯಾವುದೋ ಸ್ಪೀಕರಿಗೆ ಸಿಕ್ಕಿಸಿ "ಶಬ್ದವೇ ಇಲ್ಲ, ಕೆಟ್ಟಿದೆ" ಅಂತ ಬಿಟ್ಟುಬಂದವರಿದ್ದಾರೆ. ಒಂದೇ ಕಡೆ ಶಬ್ದ ಬಂದರೂ ಗಾಬರಿ ಬೇಡ. ಎಡ ಬಲದ ವೈರ್ ಅದಲು ಬದಲು ಮಾಡಿ. ಮೌನವೂ ಕಡೆ ಬದಲಿಸಿದರೆ ತಪ್ಪು ಮೆಷಿನ್ನಿನ ಕಡೆ ಇದೆ. ಬದಲಿಸದೆ ಅಲ್ಲೇ ಉಳಿದರೆ ತಪ್ಪು ನಿಮ್ಮ ಸ್ಪೀಕರಿನಲ್ಲಿ.

ತೋಳನ್ನು ನೋಡುವುದು ನನಗೆ ಬಹಳ ಇಷ್ಟ. ಹಿಂದಿನ ತೂಕವನ್ನು ತಿರುಗಿಸಿ, ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ನಿಲ್ಲುವ ಹಾಗೆ ಮಾಡಬೇಕು. ಆಮೇಲೆ ಮೆಲ್ಲಗೆ ಊದಬೇಕು. ಚೆನ್ನಾಗಿರುವ ತೋಳು ಉಸಿರಿಗೆ ಸರಿಯುತ್ತದೆ. ಎಲ್ಲಾದರೂ ತಡೆದು ನಿಂತರೆ ಬೇರಿಂಗಿನಲ್ಲಿ ಏನೋ ಇದೆ. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಅಲ್ಲಾಡಿಸಿದಾಗ ಟಿಕ್ ಅಂದರೂ ಒಳ್ಳೆಯದಲ್ಲ. ಬೆಲ್ಟು ಸಡಿಲಾದರೆ ಹೊಸದು ಸಿಗಬಹುದು. ತೋಳು ಕೆಟ್ಟರೆ ನನ್ನ ಪ್ರಕಾರ ಆ ಮೆಷಿನ್ ಬಿಡುವುದೇ ಸರಿ.

ಮಾಳಮಡ್ಡಿಯ ಮನೆ

ಆದರೆ ಇದೆಲ್ಲ ಗೊತ್ತಾದ ಮೇಲೂ ನನ್ನ ಸಂಕೋಚ ಹೋಗಿರಲಿಲ್ಲ. ಅದು ಹೋದದ್ದು ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ. ಒಬ್ಬ ಅಜ್ಜಿ, ತೀರಿಹೋದ ತಮ್ಮ ಯಜಮಾನರ ರೆಕಾರ್ಡ್ ಪ್ಲೇಯರ್ ಕೊಡುತ್ತಾರಂತೆ ಅಂತ ಅವ್ವನಿಗೆ ಯಾರೋ ಹೇಳಿದ್ದರು. ಮಗ ಪುಣೆಯಲ್ಲಿ, ಮನೆ ಖಾಲಿ ಮಾಡಬೇಕಿತ್ತು. ಕಾಕಾನನ್ನು ಕರೆದುಕೊಂಡು ಹೋದೆ. ನಾಲ್ಕು ವೇಗದ್ದು, 16, 33, 45, 78. ಕಂದು ರೆಕ್ಸಿನ್ ಹೊದಿಸಿದ ಪೆಟ್ಟಿಗೆ, ಮುಚ್ಚಳದಲ್ಲೇ ಸ್ಪೀಕರ್. ಮೇಲೊಂದು ಕಸೂತಿ ಬಟ್ಟೆ. ಇಪ್ಪತ್ತು ವರ್ಷದಿಂದ ಆನ್ ಮಾಡಿಲ್ಲ ಅಂದರು ಅಜ್ಜಿ. ಮೋಡಕಾದವನು (ಗುಜರಿಯವನು) ಹೇಳಿದ ರೇಟನ್ನೇ ನಮಗೂ ಹೇಳಿದರು.

ನಾನು ಹೇಗೆ ಕೇಳುವುದು ಅಂತ ಒದ್ದಾಡುತ್ತಿದ್ದಾಗ ಕಾಕಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅವ್ವಾರ, ಇದನ್ನ ಬಿಚ್ಚಿ ಪೂರ್ತಿ ನೋಡ್ತೀನ್ರಿ. ಒಂದ್ ತಾಸ್ ಆಗ್ತದ. ನಡೀತದೇನ್ರಿ?" ಅಂದರು. ಅಷ್ಟೇ ಸರಳವಾಗಿ. ಅಜ್ಜಿಯ ಮುಖ ಅರಳಿತು. "ನೋಡ್ರೀ ಯಪ್ಪಾ. ಬಂದವ್ರೆಲ್ಲಾ ಬರೇ ಎತ್ತಿ ತೂಕಾ ನೋಡಿ ಹೋದ್ರು" ಅಂದು, ತಾವೂ ಒಂದು ಮಣೆ ಹಾಕಿಕೊಂಡು ನಮ್ಮ ಎದುರು ಕೂತರು. ಅಲ್ಲಿಯವರೆಗೆ ನಾನು ಚೆಕ್ ಮಾಡುವುದನ್ನು ಅನುಮಾನ ಅಂದುಕೊಂಡಿದ್ದೆ. ಅವರು ಅದನ್ನು ಮರ್ಯಾದೆ ಅಂತ ತೆಗೆದುಕೊಂಡರು.

ಕಾಕಾ ಪ್ಲಗ್ ಹಾಕುವ ಅವಸರವನ್ನೇ ಮಾಡಲಿಲ್ಲ. ಮೊದಲು ಮೂಸಿ ನೋಡಿದರು. ಸುಟ್ಟ ವಾಸನೆ ಇಲ್ಲ, ಇಲಿ ವಾಸನೆ ಇಲ್ಲ. ವೈರಿನ ರಬ್ಬರನ್ನು ಬಗ್ಗಿಸಿ ನೋಡಿದರು, ಒಂದು ಕಡೆ ಬಿರುಕು ಬಿಟ್ಟಿತ್ತು, ಅಲ್ಲಿ ಟೇಪ್ ಸುತ್ತಿದರು. ತಟ್ಟೆಯನ್ನು ಕೈಯಿಂದ ತಿರುಗಿಸಿ ಕಿವಿ ಹತ್ತಿರ ತಂದರು. ಆಮೇಲೆ ಚೀಲದಿಂದ ಸೀರೀಸ್ ಬೋರ್ಡ್ ತೆಗೆದರು. ಒಂದು ಹಳೆಯ ಫಿಲಮೆಂಟ್ ಬಲ್ಬು, ಒಂದು ಸಾಕೆಟ್. ಕರೆಂಟು ಬಲ್ಬಿನ ಮೂಲಕ ಹಾದು ಮೆಷಿನ್ನಿಗೆ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಮೆಷಿನ್ ಉಳಿಯುತ್ತದೆ. ಇಪ್ಪತ್ತು ವರ್ಷ ಮಲಗಿದ್ದನ್ನು ನೇರ ಗೋಡೆಗೆ ಸಿಕ್ಕಿಸಬಾರದು ಅಂದರು. ಬಲ್ಬು ಮಿಣುಕು ಮಿಣುಕಾಗಿ ಹತ್ತಿತು. ಶಾರ್ಟ್ ಇಲ್ಲ. ಪ್ಲಗ್ ತೆಗೆದರು.

ಆಮೇಲೆ ತಟ್ಟೆ ಎತ್ತಿದರು. ಕೆಳಗೆ ರಬ್ಬರ್ ಗಾಲಿ. ಮೋಟಾರಿನ ಕಡ್ಡಿಗೂ ತಟ್ಟೆಯ ಒಳ ಅಂಚಿಗೂ ನಡುವೆ ಒತ್ತಿಕೊಂಡು ತಿರುಗಿಸುವಂಥದ್ದು. ಕಾಕಾ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. ನನ್ನ ಬೆರಳನ್ನೂ ಹಿಡಿದು ಆಡಿಸಿದರು. ಎಲ್ಲೂ ತಗ್ಗಿಲ್ಲ, ಗುಂಡಗೆ. "ಇದನ್ನ ಬಳಸ್ತಿದ್ದವ್ರು ಭಾಳ ಶಿಸ್ತಿನವ್ರು" ಅಂದರು. ಹೇಗೆ ಗೊತ್ತು ಅಂದೆ. ಮೆಷಿನ್ನಿನ ಗುಂಡಿ ತಿರುಗಿಸಿ ಆರಿಸಿದರೆ ಗಾಲಿ ಹಿಂದೆ ಸರಿದು ಬಿಡುವಾಗುತ್ತದೆ. ಗುಂಡಿ ಹಾಗೇ ಬಿಟ್ಟು ಗೋಡೆಯ ಸ್ವಿಚ್ ಆರಿಸಿದರೆ ಗಾಲಿ ಕಡ್ಡಿಗೆ ಒತ್ತಿಕೊಂಡೇ ಉಳಿಯುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಅಲ್ಲೊಂದು ತಗ್ಗು ಬೀಳುತ್ತದೆ. ಈ ಗಾಲಿಯಲ್ಲಿ ಒಂದೂ ಇರಲಿಲ್ಲ.

ಅಜ್ಜಿ ತಕ್ಷಣ ಅಂದರು: "ಅದಕ್ಕ ಬೈತಿದ್ರಪ್ಪಾ ನಮ್ಮವ್ರು! ಹುಡುಗ್ರು ಗ್ವಾಡೀ ಸ್ವಿಚ್ ಆರಿಸಿದ್ರ ಮನೀ ಮ್ಯಾಲ್ ಮಾಡ್ತಿದ್ರು. ಯಾಕ್ ಅಂತ ನಮಗ್ಯಾರಿಗೂ ಗೊತ್ತಿದ್ದಿಲ್ಲ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಜ್ಜಿ ಕೈ ಚಾಚಿ, ತಾವೂ ಆ ಗಾಲಿಯನ್ನು ಮುಟ್ಟಿ ನೋಡಿದರು.

ಕಾರ್ಟ್ರಿಡ್ಜ್ ಮಾತ್ರ ಸತ್ತಿತ್ತು. ಅದು ಕ್ರಿಸ್ಟಲ್. ಅದರೊಳಗೆ ಒಂಥರಾ ಉಪ್ಪಿನ ಹರಳಿರುತ್ತದೆ, ಗಾಳಿಯ ತೇವ ಕುಡಿದು ಹಾಳಾಗುತ್ತದೆ. ಧಾರವಾಡದ ಇಪ್ಪತ್ತು ಮಳೆಗಾಲ ಅದು ತಾಳುವುದು ಸಾಧ್ಯವೇ ಇರಲಿಲ್ಲ. ಕಾಕಾ ಅದರ ಹಿಂದಿನ ತಂತಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದಾಗ ಸ್ಪೀಕರ್ ಗುಂಯ್ ಅಂದಿತು. ಅಂದರೆ ಆಂಪ್ಲಿಫೈಯರ್ ಜೀವಂತ. ಮುಳ್ಳನ್ನು ಬೆರಳಿಂದ ಸವರಿದಾಗ ಏನೂ ಬರಲಿಲ್ಲ. ಬದಲಿಗೆ ಸಿರಾಮಿಕ್ ಕಾರ್ಟ್ರಿಡ್ಜ್ ಹಾಕಬಹುದು, ಅದಕ್ಕೆ ತೇವದ ಭಯ ಇಲ್ಲ. (ಮುಳ್ಳು ಸವರುವುದನ್ನು, ತಂತಿ ಮುಟ್ಟುವುದನ್ನು ನೀವು ಮಾಡಬೇಡಿ. ಹಳೆಯ ಕೆಲವು ಮೆಷಿನ್ನುಗಳ ಲೋಹದ ಚೌಕಟ್ಟಿಗೇ ಕರೆಂಟು ಇರುತ್ತದೆ. ಬಲ್ಲವರನ್ನು ಕರೆದುಕೊಂಡು ಹೋಗಿ.)

ಕಾಕಾ ಒಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಎಲ್ಲ ಬರೆದರು. ಮೋಟಾರ್ ಚಲೋ. ಗಾಲಿ ಚಲೋ. ತೋಳು ಚಲೋ. ಕಾರ್ಟ್ರಿಡ್ಜ್ ಇಲ್ಲ. ವೈರ್ ಹೊಸದು ಹಾಕಬೇಕು. ಅದನ್ನು ಅಜ್ಜಿಗೆ ಓದಿ ಹೇಳಿ, "ನೀವ್ ಹೇಳಿದ್ದು ಕಡಿಮಿ ಆತ್ರಿ. ಇದಕ್ಕ ಇನ್ನೂ ಹೆಚ್ಚಿಗಿ ಕೊಡಬೇಕು" ಅಂದು ನನ್ನ ಕಡೆ ನೋಡಿದರು. ನಾನು ಅಜ್ಜಿ ಹೇಳಿದ್ದರ ಮೂರರಷ್ಟು ಕೊಟ್ಟೆ. ನೋಡಿ ಕೊಳ್ಳುವುದರಿಂದ ಬೆಲೆ ಇಳಿಯುತ್ತದೆ ಅಂತಲೇ ನಾನು ಅಷ್ಟು ದಿನ ತಿಳಿದಿದ್ದೆ. ಆವತ್ತು ಏರಿತು. ಆ ದುಡ್ಡು ಕೊಡುವಾಗ ನನ್ನ ಮನಸ್ಸಿನಲ್ಲಿ ಒಂದು ಚೂರೂ ಅಳುಕು ಇರಲಿಲ್ಲ.

ಕೊನೆಗೆ ಎಣಿಸುವುದು ಉಳಿದಿತ್ತು. ಹಾಡಿಸಲು ಕಾರ್ಟ್ರಿಡ್ಜ್ ಇಲ್ಲ, ಆದರೆ ತಟ್ಟೆ ತಿರುಗುತ್ತದಲ್ಲ. ಅಜ್ಜಿಯೇ ಒಳಗಿನಿಂದ ಒಂದು ರೆಕಾರ್ಡು ತಂದರು. ಅದರ ಅಂಚಿಗೆ ಪತ್ರಿಕೆಯ ಅಕ್ಷತೆ ಬಣ್ಣದ ಮೂಲೆಯೊಂದನ್ನು ಹರಿದು ಸಿಕ್ಕಿಸಿದೆವು. ಕಾಕಾ ಕೈಗಡಿಯಾರ ಬಿಚ್ಚಿ ನೆಲದ ಮೇಲೆ ಇಟ್ಟರು. ಶಬ್ದವೇ ಇಲ್ಲದೆ ರೆಕಾರ್ಡು ತಿರುಗತೊಡಗಿತು. ನಾವು ಮೂವರೂ ಎಣಿಸತೊಡಗಿದೆವು. ನಾನು ಮನಸ್ಸಿನಲ್ಲಿ, ಕಾಕಾ ಬೆರಳಿನಲ್ಲಿ, ಅಜ್ಜಿ ಬಾಯಿಬಿಟ್ಟು. ನಲವತ್ತು. ಐವತ್ತು. ಹೊರಗೆ ಯಾರೋ ಗೇಟು ತೆಗೆದರು, ಯಾರೂ ತಿರುಗಿ ನೋಡಲಿಲ್ಲ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

ಕಾಕಾ ಗಡಿಯಾರ ನೋಡಿದರು. "ಮೂರು ನಿಮಿಷ, ಎರಡು ಸೆಕೆಂಡು."

"ಎರಡ್ ಸೆಕೆಂಡ್ ಹೆಚ್ಚಾತಲ್ಲ" ಅಂದರು ಅಜ್ಜಿ. "ಎಣ್ಣಿ ಹಾಕ್ರಿ. ಅವ್ರು ಪ್ರತಿ ದೀಪಾವಳಿಗೂ ಹಾಕ್ತಿದ್ರು."